ಮುಂಗೈ ಅಳತೆ

ಎಮ್ಮೆ ಹೊಳೆಯಿಂದ ಬರುವುದರೊಳಗೆ ಹಿಂಡಿ ಇಡೋಣವೆಂದು ಹೋದ ಮಂಗಲಳಿಗೆ ಗೋದಲಿಯ ಹೊಟ್ಟಿನ ಕೆಳಗೆ ಗಟ್ಟಿಯಾದದ್ದೇನೋ ಕೈಗೆ ತಗುಲಿತು. ಎತ್ತಿ ನೋಡಿದರೆ ಶೇಂಗಾ ಉಂಡಿ. ಕೆದಕಿದಳು, ಇನ್ನೆರಡು ಸಿಕ್ಕವು. ಮಧ್ಯಾಹ್ನ ತಾನೇ ತುಪ್ಪ ಸುರಿದು ಕಟ್ಟಿ ಮಗನ ಕೈಗೆ ಕೊಟ್ಟ ಉಂಡಿಗಳು. ಈಚೆಗೆ ಎಮ್ಮೆ ಹಾಲು ಹೆಚ್ಚಿಸಿದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು.

ಮಗ ಶೀತಲ ವಾಯುಸೇನೆಯ ಅಧಿಕಾರಿಯಾಗಲು ಹೊರಟವನು. ಕಾಗವಾಡದ ಹೊಲದ ದಾರಿಗಳಲ್ಲಿ ಓಡಿ ಓಡಿ, ಮೈಸೂರಿನ ಆಯ್ಕೆ ಪರೀಕ್ಷೆಗಳನ್ನೆಲ್ಲ ದಾಟಿದ್ದ. ಬೆಂಗಳೂರಿನ ಡಾಕ್ಟರುಗಳು ಮಾತ್ರ ತೂಕದ ಯಂತ್ರದ ಮೇಲೆ ನಿಲ್ಲಿಸಿ, ನಾಲ್ಕು ಕಿಲೋ ಕಡಿಮೆ, ಆರು ವಾರದಲ್ಲಿ ತುಂಬಿಕೊಂಡು ಬಾ ಎಂದು ತಿರುಗಿ ಕಳಿಸಿದ್ದರು. ವಯಸ್ಸು ಮೀರುವುದರಿಂದ ಇನ್ನೊಂದು ಸಲ ಎಂಬುದಿಲ್ಲ. ನಾಳೆ ಬೆಳಿಗ್ಗೆ ಅವನು ಬಸ್ಸು ಹತ್ತಬೇಕು. ಅಡತಿ ಅಂಗಡಿಯ ಜಿನ್ನಪ್ಪ "ಬಾರೋ ಕಡ್ಡಿ ಪೈಲವಾನ" ಎಂದು ನಗುತ್ತ ಅವನನ್ನು ಬೆಲ್ಲ ತೂಗುವ ಕಾಟಾದ ಮೇಲೆ ನಿಲ್ಲಿಸುತ್ತಿದ್ದ. ತೂಗಿಸಿಕೊಂಡು ಬಂದಾಗಲೆಲ್ಲ ಶೀತಲ, "ಏರಾಕತ್ತೈತಿ" ಎಂದು ಪಡಸಾಲೆಗೆ ಕೇಳುವಂತೆ ಹೇಳುತ್ತಿದ್ದ.

ಅದೇ ಆರು ವಾರದಿಂದ ಪಡಸಾಲೆಯಲ್ಲಿ ಅವನ ಆಯಿ, ಅಪ್ಪನ ತಾಯಿ ಲಕ್ಷ್ಮಿಬಾಯಿ ಸಲ್ಲೇಖನ ವ್ರತ ಹಿಡಿದು ಮಲಗಿದ್ದಳು. ಮೊದಲು ರೊಟ್ಟಿ ಬಿಟ್ಟಳು, ಆಮೇಲೆ ಅನ್ನ, ಗಂಜಿ, ಹಾಲು. ಈಗ ಉಳಿದದ್ದು ಕಾಯಿಸಿ ಸೋಸಿದ ಒಂದು ಬಟ್ಟಲು ನೀರು. ಮನಸ್ಸು ಎಲ್ಲಿಯೂ ಸಿಕ್ಕಿಕೊಂಡಿಲ್ಲ ಅನಿಸಿದ ದಿನ ಅದನ್ನೂ ಬಿಡಬಹುದು ಎಂದಿದ್ದರು ಬಸದಿಗೆ ಬಂದ ಮುನಿಗಳು. ಮುದುಕಿ ಬಿಟ್ಟಿರಲಿಲ್ಲ. ಇನ್ನೂ ಬದುಕಬೇಕೆಂಬ ಆಸೆ ವ್ರತಕ್ಕೆ ದೋಷವೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅತ್ತೆ ಯಾರ ಸಲುವಾಗಿ ತಡೆದಿದ್ದಾಳೆಂದು ಮಂಗಲಳಿಗೆ ಗೊತ್ತಿತ್ತು. ಒಂದೇ ಒಲೆಯ ಮುಂದೆ ಕುಳಿತು ಅವಳು ಅತ್ತೆಗೆ ಕಡಿಮೆ ಮಾಡುತ್ತ, ಮಗನಿಗೆ ಹೆಚ್ಚು ಮಾಡುತ್ತ ಬಂದಿದ್ದಳು.

ಓಟ ಮುಗಿಸಿ ಹಿತ್ತಲಿಗೆ ಬಂದ ಮಗನ ಮುಂದೆ ಉಂಡಿ ಹಿಡಿದಳು. "ಏನಿದು?"

ಶೀತಲ ತಲೆ ತಗ್ಗಿಸಿದ. "ಗಂಟಲಾಗ ಇಳಿಯಂಗಿಲ್ಲವ್ವಾ. ಆಯಿ ಅಲ್ಲಿ ಒಂದೊಂದ ಬಿಡಾಕತ್ತಾಳ. ನಾ ಇಲ್ಲಿ ಬಾಗಲಾ ಮುಚ್ಚಿಕೊಂಡ ತಿನ್ನಾಕತ್ತೇನಿ. ಅಕಿ ಪಾಲಿಂದ ತಿಂದಂಗ ಆಕ್ಕೈತಿ."

"ಇವತ್ತ ಕಾಟಾ ಏನ ತೋರಸ್ತು?"

"ಇನ್ನೂ ಎರಡ ಕಿಲೋ ಬೇಕ."

"ಮತ್ತ ದಿನಾ ಏರಾಕತ್ತೈತಿ ಅಂತಿದ್ದೆಲ್ಲ?"

"ಆಯಿ ಕೇಳಲಿ ಅಂತ ಅಂದೆ."

ಮಂಗಲ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈಯಲ್ಲಿ ಉಂಡಿ ಇತ್ತು. ಅಷ್ಟರಲ್ಲಿ ಪಡಸಾಲೆಯಿಂದ ಯಾರೋ ಹೆಂಗಸು ಕರೆದಳು, ಆಯಿ ಮೊಮ್ಮಗನನ್ನು ಕೇಳುತ್ತಿದ್ದಾಳೆಂದು.

ಅವನನ್ನು ಅಳೆಯಲು ಆಯಿಗೆ ಗೊತ್ತಿದ್ದದ್ದು ಒಂದೇ ಬಗೆ. ಹೆಬ್ಬೆರಳು, ನಡುಬೆರಳುಗಳಿಂದ ಅವನ ಮುಂಗೈಯನ್ನು ಸುತ್ತಿ ಹಿಡಿಯುವುದು. ಬೆರಳು ಕೂಡಿದರೆ ಹುಡುಗ ಸೊರಗಿದ್ದಾನೆ ಎಂದು ಅರ್ಥ. ಬೆಂಗಳೂರಿನಿಂದ ತಿರುಗಿ ಬಂದ ದಿನ ಕೂಡಿದ್ದವು. ಆಮೇಲೆ ಸಂದು ಬಿಡತೊಡಗಿ ವಾರ ವಾರಕ್ಕೂ ದೊಡ್ಡದಾಗುತ್ತ ಬಂದಿತ್ತು. ಇವತ್ತು ಶೀತಲ ಮಂಡಿಯೂರಿ ಕೈ ಚಾಚಿದಾಗ ಆ ಸಂದಿನಲ್ಲಿ ಇನ್ನೊಂದು ಬೆರಳು ತೂರುವಂತಿತ್ತು.

"ನೋಡ ಮಂಗಲಾ, ಬೆರಳ ಕೂಡವಲ್ಲವು," ಎಂದಳು ಆಯಿ, ಉಸಿರಿನಷ್ಟೇ ದನಿಯಲ್ಲಿ. "ಹೆಂಗ ತುಂಬ್ಯಾನ ನನ್ನ ಕೂಸ."

ಮಂಗಲ ಮುಂಗೈಯನ್ನು ನೋಡಲಿಲ್ಲ, ಬೆರಳುಗಳನ್ನು ನೋಡಿದಳು. ಮೊನ್ನೆ ಅದೇ ಬೆರಳುಗಳಿಂದ ಜಪಮಾಲೆ ಜಾರಿ ಬಿದ್ದಿತ್ತು. ಇವತ್ತು ಬೆಳಿಗ್ಗೆ ನೀರಿನ ಬಟ್ಟಲು ಹಿಡಿಯಲೂ ಆಗಿರಲಿಲ್ಲ. ಅವಕ್ಕೆ ಮಡಚುವ ಬಲವೇ ಉಳಿದಿರಲಿಲ್ಲ. ಮಗನಿಗೂ ಅದು ಎಂದೋ ತಿಳಿದಿರಬೇಕು, ಕೈ ಒಂದಿಷ್ಟೂ ಅಲುಗಿಸದೆ ಕುಳಿತಿದ್ದ.

"ಹೌದ್ರಿ ಅತ್ಯಾರ," ಎಂದಳು ಮಂಗಲ. "ತುಂಬ್ಯಾನ."

"ಹಂಗಾರ ಸಾಕ. ಇನ್ನ ನನಗ ನೀರ ಬ್ಯಾಡ."

ಆಯಿ ಕಣ್ಣು ಮುಚ್ಚಿದಳು. ಸುತ್ತ ಕುಳಿತ ಹೆಂಗಸರು ಕೈಮುಗಿದು ಣಮೋಕಾರ ಮಂತ್ರ ಎತ್ತಿಕೊಂಡರು. ಸಾಯುವವಳ ಮುಂದೆ ಸುಳ್ಳು ಹೇಳಿದ ಮಂಗಲಳ ಬಾಯಿ ಮಾತ್ರ ಮಂತ್ರಕ್ಕೆ ತೆರೆಯಲಿಲ್ಲ. ಅವಳು ಅತ್ತೆಯ ನೀರು ತುಂಬಿದ ಬಟ್ಟಲನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಹಿಂದೆಯೇ ಮಗ ಬಂದ.

ಗವಾಕ್ಷಿಯ ಬಿಸಿಲು ಗೋಡೆಯ ಮೇಲೆ ಕೆಂಪಾಗಿತ್ತು. ಇನ್ನೊಂದು ಗಳಿಗೆ ಕಳೆದರೆ ಹೊತ್ತು ಮುಳುಗುತ್ತದೆ, ಆಮೇಲೆ ಆ ಜೈನ ಮನೆಯಲ್ಲಿ ಯಾರೂ ಏನೂ ಬಾಯಿಗೆ ಹಾಕುವಂತಿಲ್ಲ. ಮಂಗಲ ಹೊಸ ಉಂಡಿಗಳ ತಾಟನ್ನೂ ಆ ಬಟ್ಟಲನ್ನೂ ಅವನ ಮುಂದೆ ಇಟ್ಟಳು.

"ಅಕಿ ಪಾಲಿಂದ ತಿಂದಂಗ ಆಕ್ಕೈತಿ ಅಂದಿದ್ದೆಲ್ಲ," ಎಂದಳು. "ಹೌದ, ಇದು ಅಕಿ ಪಾಲಿಂದನ. ಹೊತ್ತ ಮುಳಗೂದ್ರಾಗ ಕುಡಿ."

ಶೀತಲ ಬಟ್ಟಲಿಗೆ ಕೈ ಚಾಚಿದವನು ತಡೆದ. ಎಡಗೈಯ ಹೆಬ್ಬೆರಳು, ನಡುಬೆರಳುಗಳಿಂದ ತನ್ನ ಬಲ ಮುಂಗೈಯನ್ನು ಸುತ್ತಿ ಹಿಡಿದು ನೋಡಿದ. ಬೆರಳುಗಳು ಕೂಡಿ, ಒಂದರ ಮೇಲೊಂದು ಏರಿ ನಿಂತವು.