ಎಡಮಗ್ಗುಲಿನ ಕಣ್ಣು

"ಇನ್ಮೇಲೆ ಮೆಗ್ರಿಮ್‌ಗೆ ಕಾರ್ನಿಷ್ ಸೋಲ್ ಅನ್ನಬೇಕಂತೆ!" ನ್ಯೂಲಿನ್ ಬಂದರಿನ ದೋಣಿಯೊಡೆಯ ಡೆನ್ಜಿಲ್ ಊಟದ ಮೇಜು ಗುದ್ದಿದ. "ಏಡಿ ಹಿಡಿಯೋರು ಎರೆಗೆ ಹಾಕೋ ಅಗ್ಗದ ಚಪ್ಪಟೆ ಮೀನು ಅದು! ಹೆಸರು ಬದಲಾಯಿಸಿದ್ರೆ ರುಚಿ ಬಂದ್ಬಿಡತ್ತಾ? ನಾನಂತೂ ಅದನ್ನ ಬಾಯಿಗಿಟ್ಟೋನಲ್ಲ." ಹೇಳುತ್ತಲೇ, ಬೆಣ್ಣೆಯಲ್ಲಿ ಹುರಿದ ಮೀನಿನ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡ. ಪ್ರತಿ ಶುಕ್ರವಾರ ದುಬಾರಿ ಸೋಲ್ ಮೀನಿನ ಒಳ್ಳೆಯ ಜೋಡಿಯೊಂದನ್ನು ಆರಿಸಿ ಹೆಂಡತಿಯ ಕೈಗೆ ಕೊಡುತ್ತಿದ್ದವನು ಅವನೇ.

ಹೆಂಡತಿ ಲವ್‌ಡೇ ಎದ್ದು ಹೋಗಿ, ಕಸದ ಬುಟ್ಟಿಯಿಂದ ಮೀನಿನ ತಲೆಯೊಂದನ್ನು ತಂದು ಅವನ ತಟ್ಟೆಯ ಅಂಚಿಗಿಟ್ಟಳು. ಚಪ್ಪಟೆ ಮೀನುಗಳಿಗೆ ಎರಡು ಕಣ್ಣೂ ಒಂದೇ ಮಗ್ಗುಲಿಗೆ; ಇದಕ್ಕೆ ಎಡಮಗ್ಗುಲಿಗಿದ್ದವು. ಸೋಲ್‌ಗಾದರೆ ಬಲಕ್ಕಿರುತ್ತವೆ, ನಲವತ್ತು ವರ್ಷ ಕಡಲಲ್ಲಿ ಕಳೆದವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅವನ ಕೈಯಿಂದ ಫೋರ್ಕು ಜಾರಿತು.

"ಹನ್ನೊಂದು ವರ್ಷದಿಂದ ಮೆಗ್ರಿಮ್ಮನ್ನೇ ಚಪ್ಪರಿಸ್ತಿದೀಯ."

"ಮತ್ತೆ... ನಾನು ತಂದ ಸೋಲ್?"

"ಕೆರೆನ್ಸಾ ಮನೆಗೆ."

ಕೆರೆನ್ಸಾಳ ಗಂಡ ಪೆರಾನ್ ಹನ್ನೊಂದು ವರ್ಷದ ಹಿಂದೆ ಡೆನ್ಜಿಲ್‌ನ ದೋಣಿಯಿಂದಲೇ ಕಡಲಿಗೆ ಬಿದ್ದು ಸತ್ತಿದ್ದ. ಅಂದಿನಿಂದ ಅವಳು ದೂರದಲ್ಲಿ ಕೈಯೆತ್ತಿದ್ದು ಕಂಡರೆ ಸಾಕು, ಶಾಪ ಹಾಕುತ್ತಿದ್ದಾಳೆಂದು ಇವನು ಪಕ್ಕದ ಓಣಿಗೆ ನುಗ್ಗಿಬಿಡುತ್ತಿದ್ದ.

"ಯಾರು ಕಳಿಸಿದ್ದು ಅಂತ ಹೇಳ್ದೆ?"

"ನೀನೇ ಕಳಿಸಿದ್ದು ಅಂತ ಹೇಳ್ದೆ. ಪಾಪ, ಥ್ಯಾಂಕ್ಸ್ ಹೇಳೋಣ ಅಂತ ಹನ್ನೊಂದು ವರ್ಷದಿಂದ ಕೈ ಬೀಸ್ತಾನೇ ಇದಾಳೆ. ನೀನು ನಿಂತ್ರೆ ತಾನೆ, ಮಾರಾಯ!"