ಹದಿನೆಂಟು ಏಟು

ಕ್ಯೋಟೋದ ಸ್ಟುಡಿಯೋದಲ್ಲಿ ನಲವತ್ತು ವರ್ಷ ಪೋಷಕನಟನಾಗಿ ಸವೆದ ತೊಕುಜಿಗೆ ಕೊನೆಗೂ ನಾಯಕನಟನ ಕೆನ್ನೆಗೆ ಬಾರಿಸುವ ದೃಶ್ಯ ಸಿಕ್ಕಿತು. ಅಷ್ಟೂ ವರ್ಷ ಆ ನಾಯಕ ಇವನಿಗೆ ಬಾರಿಸಿ, ಬೇಕೆಂದೇ ಮಾತು ಮರೆತು, ಮತ್ತೆ ಬಾರಿಸಿ ಮಜಾ ತೆಗೆದುಕೊಂಡಿದ್ದ.

ಈಗ ತೊಕುಜಿ ಬಾರಿಸಿದ. ಬಾರಿಸಿ, ಮಾತು ಮರೆತ.

"ತಪ್ಪಾಯ್ತು ಯಜಮಾನ್ರೇ, ವಯಸ್ಸಾಯ್ತು ನೋಡಿ. ಇನ್ನೊಂದ್ಸಲ."

ಹೀಗೆ ಹದಿನೇಳು ಸಲ ಮರೆತ. ನಾಯಕನ ಕೆನ್ನೆ ಊದಿಕೊಂಡಿತು. ಹೊಟ್ಟೆಯೊಳಗಿನ ಉರಿ ತಣಿದ ಮೇಲೆ, ಹದಿನೆಂಟನೇ ಏಟಿಗೆ ಮಾತನ್ನು ಚೊಕ್ಕವಾಗಿ ಒಪ್ಪಿಸಿದ.

ಆಮೇಲೆ ಮುದಿ ಕ್ಯಾಮೆರಾಮನ್‌ಗೆ ತಲೆಬಾಗಿ ಪಿಸುಗುಟ್ಟಿದ: "ನಿಮ್ಮ ರೀಲೆಲ್ಲ ಹಾಳು ಮಾಡಿದೆ, ಕ್ಷಮಿಸಿ."

"ನನ್ನ ಎಡಗಿವಿ ಕೆಡಿಸಿದ್ದೂ ಅವನ ಏಟೇ," ಎಂದ ಕ್ಯಾಮೆರಾಮನ್. "ರೀಲು ಇನ್ನೂ ಹಾಕೇ ಇಲ್ಲ. ಈಗ ಹಾಕ್ತೀನಿ, ಇನ್ನೊಂದ್ಸಲ ಬಾರಿಸಿ."