ಕೂಗದ ಕಾರು

ನಲ್ಲಿಯ ಬಾಯಿಗೆ ಹಳೆಯ ಬನಿಯನ್ನಿನ ತುಂಡು ಕಟ್ಟಿ, ಅದರ ತುದಿಯನ್ನು ಬಕೆಟ್ಟಿನ ತಳದವರೆಗೆ ಇಳಿಬಿಟ್ಟಳು ಧರಣಿ. ನೀರು ಬಟ್ಟೆಯ ಮೇಲೆ ಜಾರಿಕೊಂಡು ಸದ್ದಿಲ್ಲದೆ ತುಂಬಿತು. ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಗೇಟಿನ ಹೊರಗೆ ನಿಂತಿದ್ದ ಬಿಳಿ ಕಾರಿನಿಂದ ಒಂದು ಮಾರು ದೂರದಲ್ಲಿ, ನಿದ್ದೆ ಬಂದ ಕೂಸನ್ನು ಮಲಗಿಸುವ ಹಾಗೆ ಇಳಿಸಿದಳು. ಕಾರಿನೊಳಗೆ ಸಣ್ಣ ಕೆಂಪು ದೀಪ ಮಿಣುಕುತ್ತಿತ್ತು. ಅಲಾರಂ ಎಚ್ಚರವಾಗಿತ್ತು.

ಬಟ್ಟೆ ಹಿಂಡುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಕಾರಿನ ಯಜಮಾನರು ಷಡಕ್ಷರಿ ಕಾಣಿಸಿದರು. ಈ ಹೊತ್ತಿನಲ್ಲಿ ಅವರು ಲಿಂಗಾಂಬುಧಿ ಕೆರೆಯ ಸುತ್ತ ನಡೆಯುತ್ತಿರಬೇಕಿತ್ತು. ಅವರು ವಾಪಸಾಗುವ ವೇಳೆಗೆ ಅವಳು ಕೆಲಸ ಮುಗಿಸಿ ಮುಂದಿನ ಬೀದಿಗೆ ಹೋಗಿಬಿಟ್ಟಿರುತ್ತಿದ್ದಳು. ಇವತ್ತು ಅವರ ಪಕ್ಕದಲ್ಲಿ ಉದಯಗಿರಿಯ ಮೆಕ್ಯಾನಿಕ್ ಲೋಕೇಶ್ ಸ್ಕೂಟರ್ ತಳ್ಳಿಕೊಂಡು ಬರುತ್ತಿದ್ದ. ಷಡಕ್ಷರಿಯವರ ದೂರು ದಾರಿಯುದ್ದಕ್ಕೂ ನಡೆದಿತ್ತು. ಪೇಪರ್ ಬಂದು ಬಿದ್ದರೆ ಕೂಗುವ ಕಾರು, ಬೆಕ್ಕು ಹತ್ತಿದರೆ ಕೂಗುವ ಕಾರು, ನಾಲ್ಕು ತಿಂಗಳಿಂದ ದಿನಾ ತೊಳೆಸಿಕೊಳ್ಳುತ್ತದೆ, ಮೊದಲ ದಿನ ಬಿಟ್ಟರೆ ಒಂದು ದಿನವೂ ಆ ಹೊತ್ತಿನಲ್ಲಿ ಕೂಗಿಲ್ಲ ಎಂದು ಮನೆಯವಳು ಹೇಳುತ್ತಾಳೆ. ಅಲಾರಂ ಒಳಗೆ ನೀರು ಇಳಿದು ಆಗಾಗ ಸುಮ್ಮನಾಗುತ್ತಿರಬೇಕು.

ಲೋಕೇಶ್ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಬೆರಳಿನ ಗೆಣ್ಣಿನಿಂದ ಬಾನೆಟ್ಟಿನ ಮೇಲೆ ಒಂದೇ ಒಂದು ಸಲ ಕುಟ್ಟಿದ. ಕಾರು ಬೀದಿಯೇ ಎದ್ದು ಕೂರುವಂತೆ ಅರಚಿಕೊಂಡಿತು. ಷಡಕ್ಷರಿಯವರು ಜೇಬು ತಡಕಾಡಿ ರಿಮೋಟ್ ಒತ್ತುವ ಹೊತ್ತಿಗೆ ಅವರ ಹೆಂಡತಿ ಸುಮಿತ್ರಮ್ಮ ಕಾಫಿ ಲೋಟ ಹಿಡಿದು ಗೇಟಿಗೆ ಬಂದಿದ್ದರು.

"ಅಲಾರಂಗೆ ಏನೂ ಆಗಿಲ್ಲ ಸಾರ್. ಗಟ್ಟಿಮುಟ್ಟಾಗೇ ಅದೆ," ಎಂದ ಲೋಕೇಶ್.

"ಹಂಗಾದ್ರೆ ಇವಳು ತೊಳೆಯುವಾಗ ಯಾಕೆ ಕೂಗಲ್ಲ?"

ಕೇಳಿದ ಮೇಲೆ ಉತ್ತರ ಷಡಕ್ಷರಿಯವರಿಗೇ ಹೊಳೆಯಿತು. ನಿಧಾನವಾಗಿ ಧರಣಿಯ ಕಡೆ ತಿರುಗಿದರು. "ಏನಮ್ಮ, ನೀನು ಕಾರು ಮುಟ್ಟೋದೇ ಇಲ್ವಾ? ಮೇಲೆ ನೀರು ಚಿಮುಕಿಸ್ಬುಟ್ಟು ಹೋಗ್ತಿದ್ದೀಯಾ?"

ಧರಣಿಯ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕಿತು. ಈ ಬೀದಿಯಲ್ಲಿ ಅವಳಿಗೆ ಆರು ಕಾರು. ಒಂದು ಗೇಟಿನಲ್ಲಿ ಆಡಿದ ಮಾತು ಆರನೇ ಗೇಟಿಗೆ ಮುಟ್ಟಲು ಬೆಳಗಿನ ಹಾಲು ಕಾಯುವಷ್ಟು ಹೊತ್ತೂ ಬೇಡ. ಎಂಟನೇ ಕ್ಲಾಸಿನಲ್ಲೂ ಹೀಗೇ ಆಗಿತ್ತು. ಎರಡನೇ ಬೆಂಚಿನಲ್ಲಿ ಕೂತು ದಿನಾ "ಎಸ್ ಮಿಸ್" ಅಂದಿದ್ದಳು. ದನಿ ಮಿಸ್ಸಿನ ಮೇಜಿನವರೆಗೆ ಮುಟ್ಟದೆ ವರ್ಷದ ಕೊನೆಗೆ ಅವಳ ಹೆಸರಿನ ಮುಂದೆ ಬರೀ ಗೈರುಹಾಜರಿ. ಆಗ ಅವಳು ವಾದ ಮಾಡಲಿಲ್ಲ. ಶಾಲೆ ಅಲ್ಲಿಗೇ ನಿಂತಿತು.

ಈಗ ಗಂಟಲು ಸರಿ ಮಾಡಿಕೊಂಡಳು. "ಬಟನ್ ಒತ್ತಿ ಸಾರ್."

ಷಡಕ್ಷರಿಯವರು ಒತ್ತಿದರು. ಕೆಂಪು ದೀಪ ಮತ್ತೆ ಮಿಣುಕತೊಡಗಿತು. ಧರಣಿ ಒದ್ದೆ ಬಟ್ಟೆಯನ್ನು ಟಾಪಿನ ಮೇಲೆ ಹಾಸಿ, ಅದರ ಮೇಲೆ ಅಂಗೈ ಇಟ್ಟು, ಎಣ್ಣೆ ಹಚ್ಚುವ ಹಾಗೆ ಎಳೆದಳು. ಮೊದಲ ದಿನ ಇದೇ ಕಾರು ಕೂಗಿದಾಗ ಹೆದರಿ ಟ್ರಾನ್ಸ್‌ಫಾರ್ಮರ್ ಹಿಂದೆ ಓಡಿಹೋಗಿ ಅವಿತುಕೊಂಡಿದ್ದಳು. ಮಾರನೆಯ ದಿನದಿಂದ ಅದರ ಮೈ ಎಲ್ಲೆಲ್ಲಿ ಸೂಕ್ಷ್ಮ ಎಂದು ಕಲಿತುಕೊಂಡಳು. ಬಾಗಿಲಿನ ಹಿಡಿಯ ಹತ್ತಿರ ಬೆರಳಿನ ತುದಿ ಸಾಕು. ವೈಪರ್ ಎತ್ತುವಾಗ ಉಸಿರು ಹಿಡಿಯಬೇಕು. ಚಕ್ರ ಕೊನೆಗೆ. ಬಾನೆಟ್ಟು, ಕನ್ನಡಿ, ನಂಬರ್ ಪ್ಲೇಟು, ಚಕ್ರದ ಮೇಲಿನ ಕೆಸರು, ಒಂದನ್ನೂ ಬಿಡಲಿಲ್ಲ. ನೋಡುತ್ತಿದ್ದ ಮೂವರೂ ತಮಗರಿಯದೆಯೇ ಉಸಿರು ಬಿಗಿಹಿಡಿದಿದ್ದರು. ಕಾರು ಮಾತ್ರ ನಿದ್ದೆಯಲ್ಲಿ ಸ್ನಾನ ಮಾಡಿಸಿಕೊಂಡ ಮಗುವಿನಂತೆ ಸುಮ್ಮನಿತ್ತು.

ಸುಮಿತ್ರಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಲ್ಲಾ ಕಣ್ರೀ, ಅಡಿಗೆಮನೆಗೂ ಇವಳನ್ನೇ ಕರೆಸಿ. ನನ್ನ ಪಾತ್ರೆ ಸದ್ದಿಗೆ ನಿದ್ದೆ ಕೆಡುತ್ತೆ ಅಂತಿರ್ತೀರಲ್ಲ."

ಷಡಕ್ಷರಿಯವರ ಮುಖದಲ್ಲೂ ನಗು ಬಂತು, ಹಿಂದೆಯೇ ನಾಚಿಕೆ. ತಪ್ಪು ತಿಳಿದ್ಬುಟ್ಟೆ ಕಣಮ್ಮ ಎಂದರು. ಸುಮಿತ್ರಮ್ಮ ಒಳಗೆ ಹೋಗಿ ಇನ್ನೊಂದು ಲೋಟ ಕಾಫಿ ತಂದು, ಕಾಂಪೌಂಡಿನ ಮೇಲಿಡದೆ, ಧರಣಿಯ ಕೈಗೇ ಕೊಟ್ಟರು. ಬಿಸಿ ಕಾಫಿ. ಅವಳು ಎರಡೂ ಅಂಗೈಯಲ್ಲಿ ಲೋಟ ಹಿಡಿದುಕೊಂಡು ನಿಂತಳು.

ಆಮೇಲೆ ಮಾತು ಅಲಾರಂ ಕಡೆ ಹೊರಳಿತು. ಇಷ್ಟು ದಿನ ಅದು ಕೂಗಿದ್ದು ಪೇಪರಿಗೆ, ಬೆಕ್ಕಿಗೆ, ದೀಪಾವಳಿ ಪಟಾಕಿಗೆ, ಒಂದು ಸಲ ತೆಂಗಿನ ಗರಿಗೆ ಎಂದು ಸುಮಿತ್ರಮ್ಮ ನೆನಪಿಸಿದರು. ಕಳ್ಳ ಬಾರದೆ ಇದ್ದದ್ದೇ ಅದರಿಂದ ಎಂದು ಷಡಕ್ಷರಿಯವರು ಮೊದಲು ವಾದಿಸಿದರು. ಒದ್ದೆಯಾಗಿ ಹೊಳೆಯುತ್ತಿದ್ದ ಕಾರನ್ನು ನೋಡಿ ಅವರ ದನಿ ತಾನಾಗಿ ಇಳಿಯಿತು.

"ಇಡೀ ಕಾರು ತೊಳೆದ್ರೂ ಅದಕ್ಕೆ ಗೊತ್ತಾಗ್ಲಿಲ್ಲ. ಇದ್ದೇನು ಪ್ರಯೋಜನ? ತೆಗೆದ್ಬುಡಪ್ಪ ಲೋಕೇಶ."

"ಕಳ್ಳರಿಗೆ ಇಷ್ಟು ತಾಳ್ಮೆ ಎಲ್ಲಿರ್ತದೆ ಸಾರ್? ಯೋಚನೆ ಮಾಡಿ," ಎಂದು ಲೋಕೇಶ್ ತಲೆ ಕೆರೆದುಕೊಂಡ. ಆದರೂ ಸ್ಕೂಟರಿನ ಡಿಕ್ಕಿಯಿಂದ ಸ್ಕ್ರೂಡ್ರೈವರ್ ತೆಗೆದ.

ಧರಣಿ ಖಾಲಿ ಲೋಟವನ್ನು ಕೆಳಗಿಟ್ಟಳು. ಟಣ್ ಎಂದಿತು. ಮೂವರೂ ತಿರುಗಿ ನೋಡಿದರು.

"ತೆಗೆಯೋಕೆ ಮುಂಚೆ ಒಂದೇ ಒಂದ್ಸಲ ನಾನು ಕುಟ್ಟಿ ಕೂಗಿಸ್ಲಾ, ಸಾರ್?"

ಲೋಕೇಶ್ ಸ್ಕ್ರೂಡ್ರೈವರ್ ಹಿಡಿದೇ ಬಾನೆಟ್ಟಿನಿಂದ ಒಂದು ಹೆಜ್ಜೆ ಹಿಂದೆ ಸರಿದ. ಕಾರಿನೊಳಗೆ ಕೆಂಪು ದೀಪ ಮಿಣುಕುತ್ತಲೇ ಇತ್ತು.